ಗೂಢಚಾರನ ಆಯಾಸ



ಕಳೆದ ತಿಂಗಳು ಒಂದು ಭಾನುವಾರ ಬಲಿಪೂಜೆಯಾದ ಮೇಲೆ ಧರ್ಮೋಪದೇಶ ತರಗತಿಯಲ್ಲಿ ಎಂಟನೇ ಆಜ್ಞೆಯ ಪಾಠ ನಡೆದಿತ್ತು. ಸುಳ್ಳು ಹೇಳುವುದು ಏಕೆ ಪಾಪ ಎಂದು ಎಂದಿನಂತೆ ವಿವರಿಸುತ್ತಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಫಾದರ್, ಹಾಗಾದ್ರೆ ಸಿಐಡಿ 999 ಸ್ವರ್ಗಕ್ಕೆ ಹೋಗಲ್ವಾ?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಅವನ ತಾತ ಹಿಂದಿನ ರಾತ್ರಿ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಜೇಡರ ಬಲೆ' ತೋರಿಸಿದ್ದರಂತೆ. ಗಂಟೆ ಹೊಡೆಯಿತು, ಮಕ್ಕಳು ಓಡಿದರು. ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು.

'ಜೇಡರ ಬಲೆ' 1968ರ ಚಿತ್ರ. ದೊರೈ-ಭಗವಾನ್ ಜೋಡಿಯ ನಿರ್ದೇಶನ, ಡಾ. ರಾಜ್‌ಕುಮಾರ್ ನಾಯಕ, ಜಯಂತಿ ನಾಯಕಿ. ಇಂಗ್ಲಿಷಿನ ಜೇಮ್ಸ್ ಬಾಂಡ್ ಚಿತ್ರಗಳನ್ನು ನೋಡಿ ನಮ್ಮವರಿಗೂ ಅಂಥದೊಂದು ಬೇಕೆಂಬ ಆಸೆ ಹುಟ್ಟಿದ್ದ ಕಾಲವದು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಬಹಳ ವರ್ಷಗಳ ನಂತರ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಬಾಂಡ್ ಚಿತ್ರದ ಒಂದು ದೃಶ್ಯಕ್ಕೆ ಸುರಿಯುವ ಹಣದಲ್ಲಿ ಅಂದಿನ ಕನ್ನಡದವರು ಇಡೀ ಸಿನಿಮಾ ಮುಗಿಸುತ್ತಿದ್ದರೇನೋ. ಕಪ್ಪು-ಬಿಳುಪು ಚಿತ್ರ, ರಟ್ಟು-ಹಲಗೆಯ ಸೆಟ್ಟು. ಇಷ್ಟಾದರೂ ಜನ ಮುಗಿಬಿದ್ದು ನೋಡಿದರು. ನಾನು ಇವನ್ನು ಮೊದಲು ನೋಡಿದ್ದು ಚಿಕ್ಕಂದಿನಲ್ಲಿ, ಪಕ್ಕದ ಮನೆಯ ದೂರದರ್ಶನದ ಮುಂದೆ ಚಾಪೆಯ ಮೇಲೆ ಕುಳಿತು. ಮರುದಿನ ಬೀದಿಯ ಹುಡುಗರೆಲ್ಲ ಸಿಐಡಿಗಳೇ. ಕಳ್ಳನಾಗಲು ಮಾತ್ರ ಯಾರೂ ಸಿಗುತ್ತಿರಲಿಲ್ಲ.

ಈಚೆಗೆ ಮತ್ತೊಮ್ಮೆ ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಈ ನಾಯಕನಿಗೆ ಆಯಾಸವೇ ಇಲ್ಲ. ಶತ್ರುಗಳ ನಡುವೆ ನುಸುಳುತ್ತಾನೆ, ನಂಬಿಸುತ್ತಾನೆ, ಹೊಡೆದಾಡುತ್ತಾನೆ, ನಡುವೆ ಹಾಡನ್ನೂ ಹಾಡುತ್ತಾನೆ. ಕೊನೆಗೆ ಇಸ್ತ್ರಿ ಕೆಡದ ಕೋಟಿನಲ್ಲಿ ಹೊರಬರುತ್ತಾನೆ. ಕೋಟಿನಂತೆ ಮನಸ್ಸಿನ ಮೇಲೂ ಒಂದು ಕಲೆಯಿಲ್ಲ. ಇಂಥ ಕಥೆಗಳಲ್ಲಿ ದಣಿದವರು ಬೇರೆಯವರು. ಖಳನ ಕ್ಲಬ್ಬಿನಲ್ಲಿ ಕುಣಿಯುವ ಹೆಣ್ಣೊಬ್ಬಳು ಇರುತ್ತಾಳಲ್ಲ, ಗುಟ್ಟು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗುಂಡಿಗೆ ಬಲಿಯಾಗುವವಳು? ಅವಳ ಮುಖದಲ್ಲಿ ಅರೆಕ್ಷಣ ಆ ದಣಿವು ಕಾಣುತ್ತದೆ. ಕ್ಯಾಮೆರಾ ಅಷ್ಟರಲ್ಲಿ ನಾಯಕನ ಕಡೆಗೆ ತಿರುಗಿರುತ್ತದೆ. ನಮ್ಮ ಚಿತ್ರಗಳನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅವು ಮನರಂಜನೆಗೆಂದೇ ಮಾಡಿದವು, ಆ ಕೆಲಸವನ್ನು ಚೆನ್ನಾಗಿಯೇ ಮಾಡಿವೆ.

ಆ ದಣಿವನ್ನೇ ಕಥೆಯಾಗಿಸಿದವರು ಇಂಗ್ಲೆಂಡಿನ ಜಾನ್ ಲ ಕಾರೆ. ಅವರು ಸ್ವತಃ ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದವರು. 1963ರ ಅವರ 'ದಿ ಸ್ಪೈ ಹೂ ಕೇಮ್ ಇನ್ ಫ್ರಂ ದಿ ಕೋಲ್ಡ್' ಕಾದಂಬರಿ 1965ರಲ್ಲಿ ಚಿತ್ರವಾಯಿತು. ಅದೂ ಕಪ್ಪು-ಬಿಳುಪೇ. ರಿಚರ್ಡ್ ಬರ್ಟನ್ ನಟಿಸಿದ ಅದರ ನಾಯಕ ಲೀಮಸ್‌ಗೆ ಒಳ್ಳೆಯ ಕೋಟೂ ಇಲ್ಲ. ವಯಸ್ಸಾಗುತ್ತಿದೆ, ಸಾಕಾಗಿದೆ. ಇನ್ನೊಂದೇ ಒಂದು ಕೆಲಸ ಮಾಡು ಎನ್ನುತ್ತಾರೆ ಮೇಲಿನವರು. ಕೆಲಸ ಕಳೆದುಕೊಂಡ ಕುಡುಕನಂತೆ ನಟಿಸಿ, ಶತ್ರುಗಳು ತನ್ನನ್ನು ಕೊಂಡುಕೊಳ್ಳುವಂತೆ ಮಾಡಬೇಕು. ಅವನು ನಟಿಸುತ್ತಾನೆ, ಜೈಲಿಗೂ ಹೋಗುತ್ತಾನೆ. ನಟನೆಯ ಕುಡುಕ ಯಾವುದು, ನಿಜವಾದ ಕುಡುಕ ಯಾವುದು ಎಂಬುದು ನೋಡುವ ನಮಗೂ ತಿಳಿಯದಂತಾಗುತ್ತದೆ. ಕೊನೆಗೆ ಗೊತ್ತಾಗುವುದೇನು? ಅವನ ಮೇಲಧಿಕಾರಿಗಳು ಅವನಿಗೂ ಸುಳ್ಳು ಹೇಳಿದ್ದಾರೆ. ಅವನನ್ನು ಪ್ರೀತಿಸಿದ, ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳನ್ನೂ ದಾಳವಾಗಿ ಉರುಳಿಸಿದ್ದಾರೆ. ಬರ್ಲಿನ್ ಗೋಡೆ ಹತ್ತುವಾಗ ಅವಳು ಗುಂಡೇಟಿಗೆ ಬೀಳುತ್ತಾಳೆ. ಆಚೆ ಬದಿ ಹಾರಿದರೆ ಅವನು ಉಳಿಯುತ್ತಾನೆ. ಅವನು ಹಾರುವುದಿಲ್ಲ, ಇಳಿದು ಅವಳ ಬಳಿಗೆ ಬಂದು ಸಾಯುತ್ತಾನೆ.

ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿದ ನನಗೆ ಲೀಮಸ್ ಹೆಚ್ಚು ಹತ್ತಿರದವನಾಗಿ ಕಂಡ. ಅವನು ಒಳ್ಳೆಯವನೆಂದಲ್ಲ. ಆದರೆ ಆ ದಣಿವು ಇನ್ನೂ ಸಾಯದ ಮನಸ್ಸಾಕ್ಷಿಯ ನೋವು. ಸುಳ್ಳು ಭಾರವೆನಿಸುವುದು ಸತ್ಯದ ತೂಕ ಬಲ್ಲವನಿಗೆ ಮಾತ್ರ.

ಇದು ಹೊಸ ಸಮಸ್ಯೆಯಲ್ಲ. ಸುಮಾರು ಕ್ರಿ.ಶ. 420ರಲ್ಲಿ ಕೊನ್ಸೆಂಶಿಯಸ್ ಎಂಬಾತ ಸಂತ ಅಗುಸ್ತೀನರ ಮುಂದೆ ಇದನ್ನೇ ಇಟ್ಟ. ಆಗ ಸ್ಪೇನ್ ದೇಶದಲ್ಲಿ ಪ್ರಿಸಿಲಿಯನ್ ಪಂಥದವರು ತಮ್ಮ ನಂಬಿಕೆಯನ್ನು ಮುಚ್ಚಿಟ್ಟು, ಧರ್ಮಸಭೆಯೊಳಗೇ ಸೇರಿಕೊಂಡಿದ್ದರು. ಅವರನ್ನು ಹಿಡಿಯಲು ನಮ್ಮವರೂ ಆ ಪಂಥದವರಂತೆ ನಟಿಸಿ ಒಳಗೆ ನುಸುಳಬಾರದೇಕೆ ಎಂಬುದು ಪ್ರಶ್ನೆ. ಬೇಡವೆಂದರು ಅಗುಸ್ತೀನರು. 'ಸುಳ್ಳಿನ ವಿರುದ್ಧ' ಎಂಬ ಪುಸ್ತಕವನ್ನೇ ಬರೆದರು. ಅವರ ವಾದದ ಒಂದು ಎಳೆ ಇದು: ಸತ್ಯಕ್ಕಾಗಿ ನಾನು ಸುಳ್ಳು ಹೇಳಿದೆ ಎಂದು ನಾಳೆ ಅವನಿಗೆ ತಿಳಿದರೆ, ಆಮೇಲೆ ನಾನು ಹೇಳುವ ಸತ್ಯವನ್ನು ಅವನು ಯಾವ ಆಧಾರದ ಮೇಲೆ ನಂಬಬೇಕು?

ಹಾಗಾದರೆ ರಾಹಾಬಳ ಮಾತೇನು? ಜೆರಿಕೋವಿಗೆ ಬಂದ ಇಬ್ಬರು ಗೂಢಚಾರರನ್ನು ಮಾಳಿಗೆಯ ಮೇಲೆ ಅಗಸೆಯ ಕಡ್ಡಿಗಳಲ್ಲಿ ಮುಚ್ಚಿಟ್ಟು, ಅರಸನ ಆಳುಗಳಿಗೆ ಸುಳ್ಳು ಹೇಳಿದವಳು ಅವಳು (ಯೆಹೋಶುವ, ಅಧ್ಯಾಯ 2). ಹೊಸ ಒಡಂಬಡಿಕೆ ಅವಳನ್ನು ಹೊಗಳುತ್ತದೆ. ದೇವರು ಮೆಚ್ಚಿದ್ದು ಅವಳ ದಯೆಯನ್ನು, ಸುಳ್ಳನ್ನಲ್ಲ ಎಂಬುದು ಅಗುಸ್ತೀನರ ಉತ್ತರ. ಸೆಮಿನರಿಯಲ್ಲಿ ಇದನ್ನು ಓದಿದಾಗ ಜಾರಿಕೆಯ ಉತ್ತರವೆನಿಸಿತ್ತು. ಈಗಲೂ ಸ್ವಲ್ಪ ಹಾಗೆಯೇ ಅನಿಸುತ್ತದೆ. ಬಾಗಿಲಲ್ಲಿ ಕತ್ತಿ ಹಿಡಿದವರು ನಿಂತಿರುವಾಗ ದಯೆ ಮತ್ತು ಸುಳ್ಳನ್ನು ಬೇರ್ಪಡಿಸಿ ತೂಗಲು ಯಾರಿಗೆ ಪುರಸೊತ್ತಿದೆ?

ಇದನ್ನು ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಲ್ಲಿ ಹೇಳಿದೆ. ಅವರು ನಗುತ್ತಾ, "ಮೂವತ್ತು ವರ್ಷ ಒಳಗೆ ಏನು ಮಾಡಿದೆ ಅಂತ ಹೆಂಡತಿಗೆ ಹೇಳಲಿಲ್ಲ ಸ್ವಾಮಿ. ಆದರೆ ಸುಳ್ಳೂ ಹೇಳಲಿಲ್ಲ. 'ಕೇಳಬೇಡ ಕಣೇ' ಅಂದೆ, ಅಷ್ಟೇ," ಎಂದರು. ಧರ್ಮಸಭೆಯ ಉಪದೇಶವೂ ಇದೇ. ತಿಳಿಯುವ ಹಕ್ಕಿಲ್ಲದವನಿಗೆ ಸತ್ಯವನ್ನು ಬಿಚ್ಚಿಡಬೇಕಿಲ್ಲ, ವೃತ್ತಿಯ ಗುಟ್ಟನ್ನು ಕಾಪಾಡಬೇಕು. ಯಲಹಂಕದ ವಾಯುಪಡೆ, ಜಾಲಹಳ್ಳಿಯ ಕಾರ್ಖಾನೆಗಳು ಎಂದು ದುಡಿದ ಎಷ್ಟೋ ಮನೆಗಳಲ್ಲಿ ಈ ಮೌನದ ಅಭ್ಯಾಸವಿದೆ.

ಗೂಢಚಾರರ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. ಅದು ಪ್ರೇಕ್ಷಕರದು. 1994ರ ಕೊನೆಯಲ್ಲಿ ಇಸ್ರೋ ಬೇಹುಗಾರಿಕೆ ಪ್ರಕರಣ ಸ್ಫೋಟಿಸಿದಾಗ ನಾನು ಹೈಸ್ಕೂಲು ಹುಡುಗ. ಮಾಲ್ಡೀವ್ಸ್‌ನ ಇಬ್ಬರು ಮಹಿಳೆಯರು, ರಾಕೆಟ್ ವಿಜ್ಞಾನಿಗಳು, ಮಾರಾಟವಾದ ರಹಸ್ಯಗಳು! ಸಿಐಡಿ 999 ಚಿತ್ರಕ್ಕೆ ಬೇಕಾದ ಸರಕೆಲ್ಲ ಅದರಲ್ಲಿತ್ತು. ಅಪ್ಪನಿಗೆ ನಾನೇ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನಾಳೆಯ ಕಂತಿಗೆ ಇಬ್ಬರೂ ಕಾಯುತ್ತಿದ್ದೆವು. ಬಂಧಿತರಾದ ಆರು ಜನರಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಹೆಸರು ಈಗ ಎಲ್ಲರಿಗೂ ಗೊತ್ತು. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ಅವರ ಹೆಸರು ಅಷ್ಟು ಗೊತ್ತಿಲ್ಲ. ಆರೋಪಗಳಿಗೆ ಆಧಾರವಿಲ್ಲವೆಂದು 1996ರಲ್ಲಿ ಸಿಬಿಐ ಹೇಳಿತು. 1998ರಲ್ಲಿ ಸುಪ್ರೀಂ ಕೋರ್ಟ್ ಮರುತನಿಖೆಯ ಪ್ರಯತ್ನವನ್ನೂ ರದ್ದುಮಾಡಿತು. ಆ ಸುದ್ದಿಯನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿದ ನೆನಪಿಲ್ಲ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮನಸ್ಸಿನಲ್ಲೇ ನಿಜವೆಂದುಕೊಳ್ಳುವುದೂ ಎಂಟನೇ ಆಜ್ಞೆಯ ಉಲ್ಲಂಘನೆ ಎಂದು ನಾನೀಗ ತರಗತಿಯಲ್ಲಿ ಕಲಿಸುತ್ತೇನೆ.

2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅಂದು ಚಂದ್ರಶೇಖರ್ ಇಲ್ಲೇ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿದ್ದರು. ತೀರ್ಪು ಬರುವ ಕೆಲವೇ ಗಂಟೆಗಳ ಮುಂಚೆ ಪ್ರಜ್ಞೆ ತಪ್ಪಿತ್ತು. 16ರಂದು ತೀರಿಕೊಂಡರು.

ಮುಂದಿನ ಭಾನುವಾರ ಆ ಹುಡುಗನಿಗೆ ಸಿಐಡಿಯ ಸ್ವರ್ಗದ ವಿಷಯವನ್ನು ದೇವರಿಗೇ ಬಿಡೋಣವೆಂದು ಹೇಳಿ, ಚಂದ್ರಶೇಖರ್ ಅವರ ಕಥೆಯನ್ನು ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ.

"ಆವಾಗ ನೀವೂ ನಂಬಿದ್ರಾ, ಫಾದರ್?"

"ನಂಬಿದ್ದೆ," ಎಂದೆ.