ಹೂಂ ಆದ್ಮೇಲೆ ಏನು ಹೇಳ್ಬೇಕು? – ಒಂದು ಭಾನುವಾರದ ಪಾಠ



ಕಳೆದ ಚಳಿಗಾಲದಲ್ಲಿ ಒಂದು ಶನಿವಾರ ತರಗತಿ ಮುಗಿದು ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದರು. ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಬಂದು, ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದ. ಪ್ರತಿ ಭಾನುವಾರ ಅವನ ಅಜ್ಜಿಗೆ ವೀಡಿಯೊ ಕಾಲ್ ಮಾಡುತ್ತಾರೆ. ಅಜ್ಜಿ "ಊಟ ಆಯ್ತಾ ಪುಟ್ಟಾ?" ಅಂತಾರೆ. ಇವನು "ಹೂಂ" ಅಂತಾನೆ. ಆಮೇಲೆ ಇಬ್ಬರೂ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಫೋನು ಅಮ್ಮನ ಕೈಗೆ ಹೋಗುತ್ತದೆ. "ಮೇಡಂ, ಅಜ್ಜಿ ಹೇಳೋದೆಲ್ಲ ನಂಗೆ ಅರ್ಥ ಆಗತ್ತೆ. ಆದ್ರೆ ಹೂಂ ಆದ್ಮೇಲೆ ಏನು ಹೇಳ್ಬೇಕು?"

ನನ್ನ ಹತ್ತಿರ ಆಗ ತಟ್ಟನೆ ಉತ್ತರ ಇರಲಿಲ್ಲ. ನಾವು ವರ್ಷವಿಡೀ ಕಾಗುಣಿತ, ಒತ್ತಕ್ಷರ, ಪ್ರಾಣಿಗಳ ಹೆಸರು ಎಲ್ಲ ಕಲಿಸಿದ್ದೆವು. ಅಜ್ಜಿಯ ಜೊತೆ ಐದು ನಿಮಿಷ ಮಾತಾಡುವುದನ್ನು ಮಾತ್ರ ಕಲಿಸಿರಲಿಲ್ಲ. ಈ ಪಾಠ ಅವನಿಗಾಗಿ, ಅವನ ಹಾಗೇ "ಹೂಂ" ಅಂದು ಸುಮ್ಮನಾಗುವ ಎಲ್ಲರಿಗಾಗಿ. ಒಂದು ಸಾಮಾನ್ಯ ಭಾನುವಾರ ಬೆಳಿಗ್ಗೆಯಿಂದ ಶುರು ಮಾಡೋಣ. ಹೊರಗೆ ಮಳೆ ಬರ್ತಾ ಇದೆ, ಎಲ್ಲೂ ಹೋಗೋದಿಲ್ಲ ಅಂದುಕೊಳ್ಳಿ. ನಮ್ಮ ಇಂಗ್ಲೆಂಡಿನಲ್ಲಿ ಅದೇನು ಕಷ್ಟವಲ್ಲ!

1. ಬೆಳಿಗ್ಗೆ: ಬರೆಯುವ ಕನ್ನಡ, ಆಡುವ ಕನ್ನಡ

ಪುಸ್ತಕದಲ್ಲಿ ನಾವು ಹೀಗೆ ಬರೆಯುತ್ತೇವೆ: "ನಾನು ಎಂಟು ಗಂಟೆಗೆ ಏಳುತ್ತೇನೆ. ಹಲ್ಲು ಉಜ್ಜುತ್ತೇನೆ. ಸ್ನಾನ ಮಾಡುತ್ತೇನೆ. ತಿಂಡಿ ತಿನ್ನುತ್ತೇನೆ."

ಮನೆಯಲ್ಲಿ ಹೀಗೆ ಹೇಳುತ್ತೇವೆ: "ನಾನು ಎಂಟ್ ಗಂಟೆಗೆ ಏಳ್ತೀನಿ. ಹಲ್ಲು ಉಜ್ತೀನಿ. ಸ್ನಾನ ಮಾಡ್ತೀನಿ. ತಿಂಡಿ ತಿಂತೀನಿ."

ಎರಡೂ ಸರಿ. ಮೊದಲನೆಯದು ಬರೆಯೋಕೆ, ಎರಡನೆಯದು ಮಾತಾಡೋಕೆ. ನಿಮ್ಮ ಮನೆಯವರು ಮಂಗಳೂರು ಕಡೆಯವರಾದರೆ "ಮಾಡ್ತೇನೆ" ಅನ್ನಬಹುದು. ಧಾರವಾಡದ ಕಡೆಯವರಾದರೆ ದೊಡ್ಡವರ ಹತ್ತಿರ ಮಾತಾಡುವಾಗ ಕೊನೆಗೊಂದು "ರೀ" ಸೇರಿ "ಬರ್ತೀನ್ರೀ" ಆಗಬಹುದು. ನಿಮ್ಮ ಮನೆಯ ಕನ್ನಡ ಯಾವುದೋ ಅದನ್ನೇ ಆಡಿ. ಶಾಲೆಯ ಕನ್ನಡದ ಹಾಗೆ ಇಲ್ಲ ಅಂತ ಹೆದರಬೇಡಿ.

ಇನ್ನೊಂದು ಸಣ್ಣ ವಿಷಯ. ನಮಗಾಗಿ ನಾವೇ ಮಾಡಿಕೊಳ್ಳುವ ಕೆಲಸಕ್ಕೆ ಕನ್ನಡದಲ್ಲಿ ಬೇರೆ ರೂಪ ಇದೆ. ನೋಡಿ:

ಪಾತ್ರೆ ತೊಳಿ. ಆದರೆ: ಕೈ ತೊಳ್ಕೋ.
ತಂಗಿಗೆ ತಲೆ ಬಾಚು. ಆದರೆ: ನೀನು ತಲೆ ಬಾಚ್ಕೋ.
ತಮ್ಮನಿಗೆ ಸ್ವೆಟರ್ ಹಾಕು. ಆದರೆ: ನೀನೂ ಸ್ವೆಟರ್ ಹಾಕ್ಕೋ.

ಈ "ಕೋ" ಬರೆಯುವಾಗ "ಕೊಳ್ಳು" ಆಗುತ್ತದೆ: ತೊಳೆದುಕೊಳ್ಳು, ಬಾಚಿಕೊಳ್ಳು, ಹಾಕಿಕೊಳ್ಳು. ಬೆಳಿಗ್ಗೆ ಅಮ್ಮ ಎಷ್ಟು ಸಲ "ಕೋ" ಅಂತಾರೆ ಅಂತ ಒಂದು ದಿನ ಎಣಿಸಿ ನೋಡಿ!

2. ತಿಂಡಿ ಹೊತ್ತಿಗೆ: "ನಾನು" ಅಲ್ಲ, "ನನಗೆ"

ನಮ್ಮ ತರಗತಿಯಲ್ಲಿ ಹೆಚ್ಚು ಕೇಳಿಬರುವ ತಪ್ಪು ಇದು: "ನಾನು ಹಸಿವು ಇದ್ದೀನಿ", "ನಾನು ಚಳಿ". ಇಂಗ್ಲಿಷಿನಲ್ಲಿ ಯೋಚನೆ ಮಾಡಿ ಕನ್ನಡದಲ್ಲಿ ಹೇಳಿದಾಗ ಹೀಗಾಗುತ್ತದೆ. ಕನ್ನಡದಲ್ಲಿ ಹಸಿವು, ಚಳಿ, ನಿದ್ದೆ, ಬೇಜಾರು ಇವೆಲ್ಲ ನಾವು ಮಾಡುವ ಕೆಲಸಗಳಲ್ಲ. ಅವು ನಮ್ಮ ಹತ್ತಿರ ಬರುತ್ತವೆ, ನಮಗೆ ಆಗುತ್ತವೆ. ಅದಕ್ಕೇ "ನನಗೆ". ಮಾತಿನಲ್ಲಿ ಅದು "ನಂಗೆ".

ನಂಗೆ ಹಸಿವಾಗ್ತಿದೆ.
ನಂಗೆ ಚಳಿ ಆಗ್ತಿದೆ.
ನಂಗೆ ನಿದ್ದೆ ಬರ್ತಿದೆ.
ನಂಗೆ ಬೇಜಾರಾಗ್ತಿದೆ.
ನಂಗೆ ತುಂಬಾ ಖುಷಿಯಾಯ್ತು.
ನಂಗೆ ದೋಸೆ ಅಂದ್ರೆ ಇಷ್ಟ.

ತಿಂಡಿಯನ್ನು "ತಿಂತೀವಿ", ಕಾಫಿಯನ್ನು "ಕುಡೀತೀವಿ". ಆದರೆ ಊಟವನ್ನು "ತಿನ್ನೋದಿಲ್ಲ", "ಊಟ ಮಾಡ್ತೀವಿ". ಬಡಿಸುವವರು "ಇನ್ನೊಂದು ಸ್ವಲ್ಪ?" ಅಂದಾಗ ಬೇಕಾದರೆ "ಹಾಕಿ", ಹೊಟ್ಟೆ ತುಂಬಿದ್ದರೆ "ಸಾಕು". ಈ ಎರಡು ಪದ ಗೊತ್ತಿದ್ದರೆ ಊರಿನಲ್ಲಿ ಯಾವ ಮದುವೆ ಮನೆಯಲ್ಲೂ ಊಟಕ್ಕೆ ಕೂರಬಹುದು.

3. ಟಿವಿ ಮುಂದೆ

ಈಗ ಎಲ್ಲರಿಗೂ ಇಷ್ಟವಾದ ಜಾಗಕ್ಕೆ ಬರೋಣ, ಸೋಫಾ. ಈ ಮಾತುಕತೆಯನ್ನು ಮನೆಯಲ್ಲಿ ಪಾತ್ರ ಹಂಚಿಕೊಂಡು ಜೋರಾಗಿ ಓದಿ.

ಅಕ್ಕ: ಪುಟ್ಟಾ, ರಿಮೋಟ್ ಕೊಡೋ.
ಪುಟ್ಟ: ಇರು ಅಕ್ಕಾ, ಇನ್ನು ಐದೇ ನಿಮಿಷ.
ಅಪ್ಪ: ಸೌಂಡ್ ಸ್ವಲ್ಪ ಕಮ್ಮಿ ಮಾಡ್ರೋ, ಫೋನಲ್ಲಿ ಏನೂ ಕೇಳಿಸ್ತಿಲ್ಲ.
ಅಮ್ಮ: ಬೆಳಿಗ್ಗೆಯಿಂದ ಟಿವಿ ಮುಂದೇನೇ ಕೂತಿದ್ದೀರಲ್ಲ! ಟಿವಿ ಆರಿಸಿ, ಕೈ ತೊಳ್ಕೊಂಡು ಬನ್ನಿ. ಊಟಕ್ಕೆ ಬಡಿಸ್ತಿದ್ದೀನಿ.
ಪುಟ್ಟ: ಇದು ಮುಗಿದ್ಮೇಲೆ ಬರ್ತೀನಮ್ಮಾ.
ಅಮ್ಮ: ಅನ್ನ ಆರಿಹೋಗುತ್ತೆ ಕಣೋ!

ಇಲ್ಲಿ "ಆರು" ಎಂಬ ಪದ ನೋಡಿ. ದೀಪ ಆರುತ್ತದೆ, ಬಿಸಿ ಅನ್ನ ಆರುತ್ತದೆ, ಒಗೆದು ಹಾಕಿದ ಬಟ್ಟೆಯೂ ಆರುತ್ತದೆ. "ಟಿವಿ ಆರಿಸು" ಅಂದರೆ ಆಫ್ ಮಾಡು. ಆದರೆ "ಒಂದು ಚಾನೆಲ್ ಆರಿಸು" ಅಂದರೆ ಬೇಕಾದ್ದನ್ನು ತೆಗೆದುಕೋ! ಮುಂದಿನ ಸಲ ಅಮ್ಮ "ಆರಿಸು" ಅಂದಾಗ ಯಾವ ಆರಿಸು ಅಂತ ಕೇಳಲು ಹೋಗಬೇಡಿ, ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

"ಹಾಕು" ಇನ್ನೂ ತಮಾಷೆಯ ಪದ. ಟಿವಿ ಹಾಕು ಅಂದರೆ ಶುರು ಮಾಡು. ಬಾಗಿಲು ಹಾಕು ಅಂದರೆ ಮುಚ್ಚು. ರಂಗೋಲಿ ಹಾಕು ಅಂದರೆ ಬಿಡಿಸು. ಸಾರಿಗೆ ಉಪ್ಪು ಹಾಕಬಹುದು, ಗಿಡಕ್ಕೆ ನೀರು ಹಾಕಬಹುದು, ಲೆಕ್ಕವನ್ನೂ ಹಾಕಬಹುದು. ಒಂದೇ ಪದ ಕಲಿತರೆ ಅರ್ಧ ದಿನದ ಕೆಲಸ ಮುಗಿಯಿತು.

4. ಅಪ್ಪ ಅಮ್ಮನ ಭಾನುವಾರ

ಮಕ್ಕಳೇ, ನಿಮ್ಮ ಅಪ್ಪ ಅಮ್ಮ ಚಿಕ್ಕವರಿದ್ದಾಗ ಭಾನುವಾರ ಹೇಗಿತ್ತು ಅಂತ ಕೇಳಿದ್ದೀರಾ? ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಎಷ್ಟೋ ಬೀದಿಗಳಲ್ಲಿ ಒಂದೋ ಎರಡೋ ಮನೆಯಲ್ಲಿ ಮಾತ್ರ ಟಿವಿ ಇರುತ್ತಿತ್ತು. 1987ರ ಜನವರಿಯಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದವರೆಲ್ಲ ಟಿವಿ ಇದ್ದ ಮನೆಗೆ ಬಂದು ಕೂರುತ್ತಿದ್ದರು. ಚಿತ್ರ ಸರಿಯಾಗಿ ಬರದಿದ್ದರೆ ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಕೆಳಗಿನಿಂದ ಇನ್ನೊಬ್ಬರು "ಬಂತು, ಬಂತು! ಅಯ್ಯೋ, ಹೋಯ್ತು!" ಅಂತ ಕೂಗಬೇಕು.

ಅದೇ ದಶಕದಲ್ಲಿ ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು "ಮಾಲ್ಗುಡಿ ಡೇಸ್" ಎಂಬ ಧಾರಾವಾಹಿಯಾಗಿ ಮಾಡಿದರು. ಮಾಲ್ಗುಡಿ ಎಂಬ ಊರು ನಿಜವಾಗಿ ಎಲ್ಲೂ ಇಲ್ಲ. ಅದನ್ನು ಚಿತ್ರಿಸಿದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಸ್ವಾಮಿಯ ಪಾತ್ರ ಮಾಡಿದ ಹುಡುಗ ಮಾಸ್ಟರ್ ಮಂಜುನಾಥ್, ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್. ಸ್ವಾಮಿಗೂ ಒಬ್ಬ ಅಜ್ಜಿ ಇದ್ದಾಳೆ, ಶಾಲೆಯ ಸುದ್ದಿಯನ್ನೆಲ್ಲ ಅವನು ಅವಳ ಮುಂದೆ ಹೇಳಿಕೊಳ್ಳುತ್ತಾನೆ.

ಚಂದನ ವಾಹಿನಿಯ "ಥಟ್ ಅಂತ ಹೇಳಿ" ಬಗ್ಗೆಯೂ ಕೇಳಿ. 2002ರಲ್ಲಿ ಶುರುವಾದ ಈ ಕ್ವಿಜ್ ನಡೆಸಿಕೊಡುವವರು ಡಾ. ನಾ. ಸೋಮೇಶ್ವರ. ಸರಿ ಉತ್ತರ ಹೇಳಿದವರಿಗೆ ಸಿಗುವುದು ದುಡ್ಡಲ್ಲ, ಕನ್ನಡ ಪುಸ್ತಕ!

5. ಊರಲ್ಲಿ ಈಗ ಗಂಟೆ ಎಷ್ಟು?

ಅಜ್ಜಿಗೆ ಫೋನ್ ಮಾಡುವ ಮುಂಚೆ ಒಂದು ಲೆಕ್ಕ ಹಾಕಿ. ಚಳಿಗಾಲದಲ್ಲಿ ಊರಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಮುಂದೆ. ಮಾರ್ಚ್ ಕೊನೆಯ ಭಾನುವಾರ ನಾವು ಗಡಿಯಾರ ಮುಂದೆ ಇಟ್ಟ ಮೇಲೆ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಐದೂವರೆ. ಅಂದರೆ ಇಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದರೆ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆ, ಬೇಸಿಗೆಯಲ್ಲಿ ಎರಡೂವರೆ.

ಗಂಟೆ ಹೇಳುವ ರೀತಿ: 2:15 ಅಂದರೆ ಎರಡೂಕಾಲು, 2:30 ಅಂದರೆ ಎರಡೂವರೆ, 2:45 ಅಂದರೆ ಎರಡೂಮುಕ್ಕಾಲು. ಇಂಗ್ಲಿಷಿನಲ್ಲಿ 2:45 ಆದಾಗ ಮುಂದಿನ ಮೂರರ ಹೆಸರು ಹೇಳುತ್ತಾರೆ, ಕನ್ನಡದಲ್ಲಿ ಎರಡರ ಹೆಸರೇ.

ಒಂದು ಗುಟ್ಟು: ಅಜ್ಜಿಯ ಸೀರಿಯಲ್ ಸಂಜೆ ಏಳಕ್ಕೆ ಶುರುವಾಗುವುದಾದರೆ, ಚಳಿಗಾಲದಲ್ಲಿ ನಮಗಾಗ ಮಧ್ಯಾಹ್ನ ಒಂದೂವರೆ. ಅದಕ್ಕಿಂತ ಮುಂಚೆಯೇ ಫೋನ್ ಮಾಡಿ!

6. ಹೂಂ ಆದ್ಮೇಲೆ

ಈಗ ನಿಜವಾದ ಪಾಠ. "ಊಟ ಆಯ್ತಾ?" ಅಂತ ಕೇಳುವ ಅಜ್ಜಿಗೆ ಊಟದ ವರದಿ ಬೇಕಿಲ್ಲ. "ಚೆನ್ನಾಗಿದ್ದೀಯಾ, ನಿನ್ನನ್ನ ಯಾರೋ ನೋಡ್ಕೋತಿದ್ದಾರಾ?" ಅಂತ ಅದರ ಅರ್ಥ. ಆ ಪ್ರಶ್ನೆಯನ್ನು ವಾಪಸ್ ಕೊಟ್ಟರೆ ಮಾತು ತಾನಾಗಿ ಮುಂದೆ ಹೋಗುತ್ತದೆ. ನಾಲ್ಕು ಹೆಜ್ಜೆ ಸಾಕು.

ಒಂದು, ಉತ್ತರ ಹೇಳಿ ವಾಪಸ್ ಕೇಳಿ: "ಆಯ್ತು ಅಜ್ಜಿ. ನಿಮ್ದಾಯ್ತಾ?"
ಎರಡು, ಇನ್ನೊಂದು ಪ್ರಶ್ನೆ: "ಇವತ್ತು ಏನಡುಗೆ?" ಅಥವಾ "ಅಲ್ಲಿ ಮಳೆ ಬರ್ತಿದ್ಯಾ?"
ಮೂರು, ನಿಮ್ಮ ದಿನದ ಒಂದು ಸುದ್ದಿ: "ಬೆಳಿಗ್ಗೆ ಟಿವಿ ನೋಡ್ದೆ. ಅಕ್ಕನ ಜೊತೆ ರಿಮೋಟ್‌ಗೆ ಜಗಳ ಆಯ್ತು."
ನಾಲ್ಕು, ಮುಗಿಸುವಾಗ: "ಇಡ್ಲಾ ಅಜ್ಜಿ? ಮತ್ತೆ ಮುಂದಿನ ವಾರ ಮಾಡ್ತೀನಿ."

ಅಜ್ಜಿಗೆ "ನೀವು" ಅನ್ನಬೇಕೋ "ನೀನು" ಅನ್ನಬೇಕೋ? ಅದು ಮನೆಯಿಂದ ಮನೆಗೆ ಬೇರೆ. ಅಪ್ಪ ಅಮ್ಮನನ್ನು ಕೇಳಿ, ನಿಮ್ಮ ಮನೆಯ ರೂಢಿಯಂತೆ ಹೇಳಿ.

ಇನ್ನೊಂದು ವಾಕ್ಯ ಮಾತ್ರ ಉಳಿದಿದೆ. "ಅಜ್ಜಿ, ನಿಮ್ಮನ್ನ ಮಿಸ್ ಮಾಡ್ತೀನಿ" ಅಂತ ಮಕ್ಕಳು ಹೇಳುವುದುಂಟು. ಕನ್ನಡದಲ್ಲಿ ಇದೂ ಹಸಿವು, ನಿದ್ದೆಯ ಹಾಗೇ, ನಾವು ಮಾಡುವುದಲ್ಲ, ತಾನಾಗಿ ಬರುವುದು: "ಅಜ್ಜಿ, ನಂಗೆ ನಿಮ್ಮ ನೆನಪು ಬರ್ತಿರುತ್ತೆ."

ಪೋಷಕರಿಗೆ ಎರಡು ಮಾತು

ಆ ಹುಡುಗ ಇನ್ನೂ ಒಂದು ವಿಷಯ ಹೇಳಿದ್ದ. ಚಿಕ್ಕವನಿದ್ದಾಗ ಒಮ್ಮೆ "ಅಜ್ಜಿ ಬಂದ" ಅಂದನಂತೆ. ಮನೆ ತುಂಬ ನೆಂಟರಿದ್ದರು, ಎಲ್ಲರೂ ನಕ್ಕರು. ಯಾರೂ ಕೆಟ್ಟದ್ದಕ್ಕೆ ನಗಲಿಲ್ಲ, ಮುದ್ದಿಗೇ ನಕ್ಕಿದ್ದು. ಆದರೆ ಅವತ್ತಿನಿಂದ ಅವನಿಗೆ "ಹೂಂ" ಒಂದೇ ತಪ್ಪಾಗದ ಪದ ಅನ್ನಿಸಿತು. ಮಕ್ಕಳು ತಪ್ಪು ಹೇಳಿದಾಗ ನಗುವುದೂ ಬೇಡ, ತಡೆದು ತಿದ್ದುವುದೂ ಬೇಡ. "ಹೌದು, ಅಜ್ಜಿ ಬಂದ್ರು" ಅಂತ ಸರಿಯಾದ ರೂಪದಲ್ಲೇ ಮಾತು ಮುಂದುವರಿಸಿ, ಕಿವಿಗೆ ಬಿದ್ದದ್ದು ನಿಧಾನವಾಗಿ ನಾಲಿಗೆಗೆ ಬರುತ್ತದೆ. ಫೋನಿನ ಹಿಂದೆ ನಿಂತು "ಹೇಳು, ಚೆನ್ನಾಗಿದ್ದೀನಿ ಅಂತ ಹೇಳು" ಅಂತ ಪಿಸುಗುಟ್ಟುವುದನ್ನೂ ಸ್ವಲ್ಪ ಬಿಡೋಣ. ಮಗು ಯೋಚಿಸುವಷ್ಟು ಹೊತ್ತು ಅಜ್ಜಿ ಖಂಡಿತ ಕಾಯುತ್ತಾರೆ.

ಮನೆಗೆಲಸ

1. ನಿಮ್ಮ ಭಾನುವಾರದ ಬಗ್ಗೆ ಐದು ವಾಕ್ಯ ಬರೆಯಿರಿ. ಅದನ್ನೇ ಆಡುವ ಕನ್ನಡದಲ್ಲಿ ಜೋರಾಗಿ ಹೇಳಿ.
2. "ನಂಗೆ" ಬಳಸಿ ಮೂರು ವಾಕ್ಯ ಮಾಡಿ.
3. "ಹಾಕು" ಬರುವ ಇನ್ನೂ ನಾಲ್ಕು ಮಾತುಗಳನ್ನು ಮನೆಯಲ್ಲಿ ಕಿವಿಗೊಟ್ಟು ಹುಡುಕಿ.
4. ಊಟವಾದ ಮೇಲೆ ಮನೆಯವರೆಲ್ಲ ಕೂತು "ಥಟ್ ಅಂತ ಹೇಳಿ" ಆಡಿ. ಪ್ರಶ್ನೆ ಕೇಳುವವರು ನೀವೇ ಆಗಿ.
5. ಅಜ್ಜಿಗೋ ತಾತನಿಗೋ ಫೋನ್ ಮಾಡಿ. ಅವರು ಚಿಕ್ಕವರಿದ್ದಾಗ ಭಾನುವಾರ ಏನು ಮಾಡ್ತಿದ್ರು ಅಂತ ಕೇಳಿ, ಅವರು ಹೇಳಿದ ಒಂದು ವಿಷಯ ಮುಂದಿನ ತರಗತಿಗೆ ತನ್ನಿ.

ಆ ಹುಡುಗ ಮುಂದಿನ ಶನಿವಾರ ತರಗತಿಗೆ ಬಂದು ಕೋಟು ಬಿಚ್ಚುವ ಮುಂಚೆಯೇ ಹೇಳಿದ: "ಮೇಡಂ, ಅಜ್ಜಿ ಹುರುಳಿಕಾಯಿ ಪಲ್ಯ ಮಾಡಿದ್ರಂತೆ. ನಂಗೆ ಇಷ್ಟ ಇಲ್ಲ ಅಂದೆ. ಊರಿಗೆ ಬಾ, ಇಷ್ಟ ಆಗೋ ಹಾಗೆ ಮಾಡ್ತೀನಿ ಅಂದ್ರು."