ಮನೆಯ ಹವಳತೊಟ್ಟಿಗೆ ಸದ್ದಿಲ್ಲದ ಕೋಡಿ

ಹರಿಯುವ ನೀರಿನೊಡನೆ ಕೊಳವೆಯಲ್ಲಿ ಗಾಳಿಯೂ ಸೇರಿಕೊಂಡರೆ ಹರಿವು ತಡವರಿಸುತ್ತದೆ. ಪುಣೆ ನಗರಕ್ಕೆ ಇದು ಹಳೆಯ ಪರಿಚಯ. 18ನೆಯ ಶತಮಾನದ ಮಧ್ಯಭಾಗದಲ್ಲಿ, ನಾನಾಸಾಹೇಬ ಪೇಶ್ವೆಯ ಆಡಳಿತಕಾಲದಲ್ಲಿ, ಕಾತ್ರಜ್ ಕೆರೆಯಿಂದ ಶನಿವಾರವಾಡೆಗೆ ನೆಲದಡಿಯ ಕಾಲುವೆಯ ಮೂಲಕ ನೀರನ್ನು ತರಲಾಯಿತು. ಇಳಿಜಾರಿನ ಬಲದಿಂದಲೇ ಹರಿಯುತ್ತಿದ್ದ ಆ ಕಾಲುವೆಯಲ್ಲಿ ಗಾಳಿ ಹೊರಹೋಗಲು ಕಟ್ಟಿದ ಕಿಂಡಿಗಳನ್ನು ‘ಉಚ್ಛ್ವಾಸ’ ಎಂದೇ ಕರೆಯುತ್ತಾರೆ. ಅದೇ ನಗರದ ವಸತಿ ಸಮುಚ್ಚಯವೊಂದರಲ್ಲಿ ಇಂದು ಹವಳತೊಟ್ಟಿಯನ್ನಿಡುವವರಿಗೂ ಈ ತತ್ತ್ವವೇ ಆಧಾರ.

ಕೋಡಿಯ ಅಗತ್ಯ

ಹವಳತೊಟ್ಟಿಯ ನೀರು ಹಗಲಿರುಳೂ ಚಲಿಸುತ್ತಿರಬೇಕು. ಮೇಲ್ತೊಟ್ಟಿಯ ಹೆಚ್ಚುವರಿ ನೀರು, ಕೆರೆಯ ಕೋಡಿ ಬಿದ್ದಂತೆ, ಒಂದು ಅಂಚನ್ನು ದಾಟಿ ಚಿಕ್ಕ ಗೂಡಿಗೆ ಬಿದ್ದು, ಕೊಳವೆಯ ಮೂಲಕ ಕೆಳತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾದ ನೀರನ್ನು ಪಂಪು ಮರಳಿ ಮೇಲಕ್ಕೆ ಕಳುಹಿಸುತ್ತದೆ. ಒಂದೇ ಕೊಳವೆಯಿದ್ದಲ್ಲಿ ನೀರು ಗಾಳಿಯನ್ನು ಎಳೆದುಕೊಂಡು ಬೀಳುವುದರಿಂದ ಗೊಳಗೊಳ ಸದ್ದು ರಾತ್ರಿಯೆಲ್ಲ ಕೇಳಿಸುತ್ತದೆ. ಆ ಕೊಳವೆ ಕಟ್ಟಿಕೊಂಡರಂತೂ ಉಪ್ಪುನೀರು ನೆಲದ ಮೇಲೆ ಹರಿದು, ಕೆಳಮನೆಯ ಚಾವಣಿಗೆ ಇಳಿಯುತ್ತದೆ.

ಮೂರು ಕೊಳವೆಗಳ ಪದ್ಧತಿ

ಮೊದಲನೆಯ ಕೊಳವೆಯಲ್ಲಿ ನೀರು ತುಂಬಿ ಹರಿಯಬೇಕು, ಗಾಳಿಗೆ ಎಡೆಯಿರಕೂಡದು. ಇದು ಸೈಫನ್ ಕೊಳವೆ. ಇದರ ಬಾಯಿ ಗೂಡಿನ ನೀರಿನೊಳಗೆ ಸಾಕಷ್ಟು ಆಳದಲ್ಲಿ ಮುಳುಗಿರಬೇಕು. ಕೆಳತುದಿಗೆ ಹತ್ತಿರದಲ್ಲಿ ಗೇಟ್ ವಾಲ್ವ್ ಅಳವಡಿಸಿ, ಇಳಿಯುವ ನೀರಿನ ಬಹುಭಾಗ ಇದರಲ್ಲೇ ಸಾಗುವಂತೆ ಮೆಲ್ಲಮೆಲ್ಲನೆ ಹೊಂದಿಸಬೇಕು. ತುದಿಯು ಕೆಳತೊಟ್ಟಿಯ ನೀರಿನಲ್ಲಿ 2–3 ಸೆಂ.ಮೀ. ಮಾತ್ರ ಮುಳುಗಿರಲಿ. ಇನ್ನೂ ಆಳಕ್ಕಿಳಿದರೆ, ಪಂಪು ಮತ್ತೆ ಚಾಲನೆಗೊಂಡಾಗ ಒಳಗಿನ ಗಾಳಿ ಹೊರಹೋಗಲು ಕಷ್ಟವಾಗುತ್ತದೆ.

ಎರಡನೆಯ ಕೊಳವೆಯಲ್ಲಿ ಉಳಿದ ಅಲ್ಪ ನೀರು ಗೋಡೆಗೆ ಅಂಟಿಕೊಂಡಂತೆ ಸದ್ದಿಲ್ಲದೆ ಜಾರುತ್ತದೆ. ಇದರ ತಲೆಯಲ್ಲಿ ಗಾಳಿಗೊಂದು ಸಣ್ಣ ನಳಿಗೆ ಇರಬೇಕು. ನಳಿಗೆಯ ತೆರೆದ ತುದಿ ಸಾಮಾನ್ಯ ನೀರಿನ ಮಟ್ಟಕ್ಕಿಂತ ತುಸು ಮೇಲಿರಲಿ. ಮೊದಲನೆಯ ಕೊಳವೆ ಕಟ್ಟಿಕೊಂಡು ನೀರು ಏರಿದರೆ ಈ ತುದಿ ಮುಳುಗಿ, ಗಾಳಿ ನಿಂತು, ಎರಡನೆಯದೂ ತುಂಬಿ ಹರಿಯತೊಡಗುತ್ತದೆ.

ಮೂರನೆಯದು ಆಪತ್ಕಾಲದ ಕೊಳವೆ. ಇದರ ಬಾಯಿ ನಳಿಗೆಯ ತುದಿಗಿಂತ ಮೇಲೆ, ತೊಟ್ಟಿಯ ಅಂಚಿಗಿಂತ ಕೆಳಗೆ ಇರಬೇಕು. ಎಂದಿನ ದಿನಗಳಲ್ಲಿ ಇದು ಒಣಗಿಯೇ ಇರುತ್ತದೆ. ಇದಕ್ಕೆ ಯಾವ ಕಾರಣಕ್ಕೂ ವಾಲ್ವ್ ಹಾಕಕೂಡದು. ಇದರಲ್ಲಿ ನೀರು ಬೀಳುವ ಸದ್ದು ಕೇಳಿಸಿತೆಂದರೆ ಉಳಿದ ಕೊಳವೆಗಳನ್ನು ಪರೀಕ್ಷಿಸಬೇಕೆಂದೇ ಅರ್ಥ.

ಮೊದಲನೆಯ ಕೊಳವೆಯೊಂದರಿಂದಲೇ ಸದ್ದೇನೋ ಅಡಗುತ್ತದೆ. ಆದರೆ ತುಂಬಿ ಹರಿಯುವ, ವಾಲ್ವಿನಿಂದ ಬಿಗಿಮಾಡಿದ ಕೊಳವೆಯಲ್ಲಿ ಇನ್ನಷ್ಟು ನೀರಿಗೆ ಎಡೆಯಿರುವುದಿಲ್ಲ. ಒಂದು ಸಣ್ಣ ಬಸವನಹುಳು ಅಡ್ಡಬಂದರೂ ನೀರು ಮೇಲೇರುತ್ತದೆ. ಆದುದರಿಂದ ಮೌನವನ್ನು ಮೊದಲನೆಯ ಕೊಳವೆ ಕೊಟ್ಟರೆ, ಮನೆಯನ್ನು ಕಾಯುವುದು ಉಳಿದೆರಡು.

ವಿದ್ಯುತ್ ನಿಂತಾಗ

120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಪ್ರತಿ ಸೆಂಟಿಮೀಟರ್ ಎತ್ತರದ ನೀರು 5.4 ಲೀಟರ್. ಕೋಡಿಯ ಅಂಚಿನ ಮೇಲೆ 1 ಸೆಂ.ಮೀ. ನೀರಿದ್ದು, ಪಂಪಿನ ನೀರು ಬರುವ ಕೊಳವೆಯ ಬಾಯಿ ಅಂಚಿಗಿಂತ 5 ಸೆಂ.ಮೀ. ಕೆಳಗಿದೆಯೆಂದು ಭಾವಿಸೋಣ. ವಿದ್ಯುತ್ ನಿಂತೊಡನೆ ಸುಮಾರು 32 ಲೀಟರ್ ನೀರು ಹಿಮ್ಮುಖವಾಗಿ ಇಳಿಯುತ್ತದೆ. 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಕೆಳತೊಟ್ಟಿಯಲ್ಲಿ ಇದು 9 ಸೆಂ.ಮೀ. ಏರಿಕೆ. ಕೋಡಿಯ ಗೂಡಿನಿಂದ ಇಳಿಯುವ ನೀರು ಇದಕ್ಕೆ ಹೊರತು. ಅಷ್ಟು ಜಾಗವನ್ನು ಕೆಳತೊಟ್ಟಿಯಲ್ಲಿ ಸದಾ ಖಾಲಿ ಬಿಟ್ಟಿರಬೇಕು. ಕೊಳವೆಯ ಬಾಯಿಯನ್ನು ನೀರಿನ ಮಟ್ಟದ ಹತ್ತಿರಕ್ಕೇ ಏರಿಸಿದರೆ ಈ ಪ್ರಮಾಣ ಬಹಳಷ್ಟು ತಗ್ಗುತ್ತದೆ. ಹಿಮ್ಮುಖ ಹರಿವನ್ನು ತಡೆಯುವ ವಾಲ್ವನ್ನೊಂದೇ ನಂಬುವುದು ತರವಲ್ಲ. ಉಪ್ಪು, ಪಾಚಿ ಕಟ್ಟಿದರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಪರೀಕ್ಷೆ

ಪುಣೆ ಸಮುದ್ರತೀರದಲ್ಲಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಮಿಶ್ರಣ ಬೆರೆಸಿ ಕಡಲನೀರನ್ನು ಮನೆಯಲ್ಲೇ ತಯಾರಿಸಬೇಕು. ಆದುದರಿಂದ ಮೊದಲು ಸಿಹಿನೀರು ತುಂಬಿ ಪರೀಕ್ಷಿಸುವುದು ಮಿತವ್ಯಯಕರ. ಪಂಪನ್ನು ಹಲವು ಬಾರಿ ನಿಲ್ಲಿಸಿ ಚಾಲನೆ ಮಾಡಬೇಕು. ಅನಂತರ ಮೊದಲನೆಯ ಕೊಳವೆಯನ್ನೂ ಬಳಿಕ ಎರಡನೆಯದನ್ನೂ ಮುಚ್ಚಿ, ಮೂರನೆಯದೊಂದೇ ಪೂರ್ಣ ಹರಿವನ್ನು ಹೊರುವುದೇ ಎಂದು ನೋಡಬೇಕು. ಉಪ್ಪುನೀರು ಉತ್ತಮ ವಿದ್ಯುದ್ವಾಹಕವಾದುದರಿಂದ ಪ್ಲಗ್ಗುಗಳನ್ನು ನೀರಿಗಿಂತ ಎತ್ತರದಲ್ಲಿರಿಸಬೇಕು.

ಕೊನೆಯದಾಗಿ, ಭಾರತದ ಕಡಲಿನ ಹವಳಗಳು ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972ರ ಮೊದಲನೆಯ ಅನುಸೂಚಿಯಲ್ಲಿವೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿ, ಅಂಡಮಾನ್‌ಗಳ ಹವಳವನ್ನು ಕೀಳುವುದೂ ಮಾರುವುದೂ ಅಪರಾಧ. ಕಾನೂನುಬದ್ಧವಾಗಿ ಬಂದುದೆಂಬ ದಾಖಲೆಯಿಲ್ಲದ ಜೀವಿಯನ್ನು ಕೊಳ್ಳದಿರುವುದು ಹವ್ಯಾಸಿಯ ಮೊದಲ ಕರ್ತವ್ಯ. ತೊಟ್ಟಿಯ ಕೋಡಿಯನ್ನು ಕಟ್ಟುವುದು ಅನಂತರದ ಕೆಲಸ.