ಸ್ವಯಂಚಾಲಿತ ಗಿಯರಿನ ಬಿಗಿಹಿಡಿತ

ಎರಡು ವರ್ಣಗಳು ಕಾಲವಿಳಂಬವಿಲ್ಲದೆ ಕೂಡುವುದನ್ನು ವೈಯಾಕರಣರು ಸಂಧಿಯೆನ್ನುವರು. ಸ್ವಯಂಚಾಲಿತ ಗಿಯರುಳ್ಳ ಕಾರು ಮೊದಲನೆಯ ಗಿಯರಿನಿಂದ ಎರಡನೆಯದಕ್ಕೆ ಏರುವಾಗ ನಡೆಯುವುದೂ ಬಹುಮಟ್ಟಿಗೆ ಇಂತಹುದೇ ಕಾರ್ಯ. ಒಂದು ಕ್ಲಚ್ಚು ಬಿಡಬೇಕು. ಇನ್ನೊಂದು ಅದೇ ಗಳಿಗೆಯಲ್ಲಿ ಹಿಡಿಯಬೇಕು. ನಡುವೆ ಎಡೆ ಉಳಿದರೆ ಎಂಜಿನು ಭಾರವಿಲ್ಲದೆ ಬೊಬ್ಬಿರಿಯುತ್ತದೆ. ಮೊದಲನೆಯದು ಬಿಡುವ ಮುನ್ನವೇ ಎರಡನೆಯದು ಹಿಡಿದರೆ ಒಂದನ್ನೊಂದು ತಡೆದು ವಾಹನ ಮುಗ್ಗರಿಸುತ್ತದೆ.

ಬೆಂಗಳೂರಿನ ಜನಸಾಮಾನ್ಯರಲ್ಲಿ ಅನೇಕರಿಗೆ ಇಂತಹ ಗಿಯರಿನ ಪರಿಚಯವಾದುದು ನಗರ ಸಾರಿಗೆಯ ವೋಲ್ವೋ ಬಸ್ಸುಗಳಲ್ಲಿ. ಈಗ ಇಂದಿರಾನಗರದ ನೂರಡಿ ರಸ್ತೆಯಲ್ಲಿ ವೇಗದ ಕಾರುಗಳಿಗೂ ಕೊರತೆಯಿಲ್ಲ. ಅವುಗಳ ಒಡೆಯರಲ್ಲಿ ಕೆಲವರಿಗೆ ಒಂದು ಅಸಮಾಧಾನವುಂಟು: ಎಂಜಿನು ಬಲಶಾಲಿಯಾಗಿದ್ದರೂ ಗಿಯರು ಮೆತ್ತಗೆ ಜಾರಿಕೊಂಡು ಬದಲಾಗುತ್ತದೆ, ಗಟ್ಟಿಯಾಗಿ ಕೂರುವುದಿಲ್ಲ. ಈ ಮೆತುತನವು ದೋಷವೋ, ತಯಾರಕರು ಬೇಕೆಂದೇ ಇಟ್ಟ ಗುಣವೋ ಎಂಬುದನ್ನು ಮೊದಲು ವಿಚಾರಿಸಬೇಕು.

ಜನರಲ್ ಮೋಟಾರ್ಸ್ ಸಂಸ್ಥೆಯು 1939ರಲ್ಲಿ ಹೊರತಂದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಅಳವಡಿಸಿದ ಹೈಡ್ರಾಮ್ಯಾಟಿಕ್ ಯಂತ್ರದಿಂದ ಇಂದಿನವರೆಗೂ ಮೂಲತತ್ತ್ವ ಹೆಚ್ಚು ಬದಲಾಗಿಲ್ಲ. ನಡುವೆ ಸೂರ್ಯನಂತೆ ಒಂದು ಹಲ್ಲುಗಾಲಿ, ಅದರ ಸುತ್ತ ಗ್ರಹಗಳಂತೆ ಸಣ್ಣ ಗಾಲಿಗಳು, ಹೊರಗೆ ಒಂದು ಬಳೆ. ಇವುಗಳಲ್ಲಿ ಯಾವುದನ್ನು ತಡೆದು ಯಾವುದನ್ನು ತಿರುಗಿಸುವುದು ಎಂಬುದರ ಮೇಲೆ ಗಿಯರು ನಿರ್ಧಾರವಾಗುತ್ತದೆ. ತಡೆಯುವ ಕೆಲಸ ಪದರಪದರವಾದ ಕ್ಲಚ್ಚುಗಳದು. ಅವನ್ನು ಒತ್ತುವುದು ಪಂಪಿನಿಂದ ಬರುವ ಎಣ್ಣೆಯ ಒತ್ತಡ. ಎಣ್ಣೆಯನ್ನು ಎಲ್ಲಿಗೆ, ಎಷ್ಟು ಬೇಗ ಕಳುಹಿಸಬೇಕೆಂದು ನಿರ್ಣಯಿಸುವುದು ವಾಲ್ವ್ ಬಾಡಿಯೆಂಬ, ಸಣ್ಣ ಕಾಲುವೆಗಳಿಂದ ತುಂಬಿದ ಲೋಹದ ತಟ್ಟೆ. ದಾರಿಯಲ್ಲಿ ಅಕ್ಯುಮುಲೇಟರ್ ಎಂಬ ಸ್ಪ್ರಿಂಗುಳ್ಳ ಪಿಸ್ಟನ್ ಸ್ವಲ್ಪ ಎಣ್ಣೆಯನ್ನು ತಾನು ಹೀರಿಕೊಂಡು, ಕ್ಲಚ್ಚಿನ ಒತ್ತಡ ಥಟ್ಟನೆ ಏರದಂತೆ ನೋಡಿಕೊಳ್ಳುತ್ತದೆ. ಪ್ರಯಾಣಿಕನಿಗೆ ತೋರುವ ಮೆತುತನ ಮುಖ್ಯವಾಗಿ ಇದರ ಕೊಡುಗೆ.

ಆದರೆ ಸುಖಕ್ಕೆ ಬೆಲೆಯಿದೆ. ಕ್ಲಚ್ಚು ಜಾರುತ್ತಿರುವಷ್ಟು ಹೊತ್ತೂ ಎಂಜಿನಿನ ಶಕ್ತಿ ಶಾಖವಾಗಿ ಪರಿಣಮಿಸುತ್ತದೆ. ಎಂಜಿನಿನ ಬಲವನ್ನು ಹೆಚ್ಚಿಸಿದ ಕಾರಿನಲ್ಲಿ ಈ ಶಾಖ ಇನ್ನೂ ಹೆಚ್ಚು. ಕ್ಲಚ್ಚಿನ ಪದರ ಸುಟ್ಟು ಕರಕಾಗುವುದು ಹೀಗೆಯೇ. ಆದ್ದರಿಂದ ಬಿಗಿಹಿಡಿತವನ್ನು ಬಯಸುವುದು ಬರಿಯ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯ ಪದ್ಧತಿಯ ಯಂತ್ರಗಳಲ್ಲಿ ಎಣ್ಣೆಯ ಒತ್ತಡವನ್ನು ಮಿತವಾಗಿ ಏರಿಸಿ, ತಟ್ಟೆಯ ಕೆಲವು ರಂಧ್ರಗಳನ್ನು ಹಿಗ್ಗಿಸಿ, ಅಕ್ಯುಮುಲೇಟರಿಗೆ ಗಡುಸಾದ ಸ್ಪ್ರಿಂಗು ಹಾಕಿದರೆ ಜಾರುವ ಕಾಲ ಕುಗ್ಗುತ್ತದೆ. ಈ ಸಾಮಗ್ರಿಗೇ ‘ಶಿಫ್ಟ್ ಕಿಟ್’ ಎಂದು ಹೆಸರು. ರಂಧ್ರವನ್ನು ಕೂದಲೆಳೆಯಷ್ಟು ಹೆಚ್ಚು ಕೊರೆದರೂ ಮತ್ತೆ ಕಿರಿದು ಮಾಡಲು ಬರುವುದಿಲ್ಲ. ಹೊಸ ತಟ್ಟೆಯೇ ಬೇಕು. ಅತಿಯಾದರೆ, ಕ್ಲಚ್ಚು ಉಳಿದರೂ ಆ ಹೊಡೆತ ಚಾಲಕದಂಡಕ್ಕೂ ಡಿಫರೆನ್ಷಿಯಲಿನ ಹಲ್ಲುಗಳಿಗೂ ಹೋಗಿ ತಾಗುತ್ತದೆ.

ಬೆನ್ನಿಗೆ ಗುದ್ದಿದಂತಾಗುವುದು ಬೇರೆ, ಗಿಯರು ಬೇಗ ಬದಲಾಗುವುದು ಬೇರೆ. ಈ ಭೇದವನ್ನು ಮರೆಯುವವರೇ ಬಹಳ. ಈಚಿನ ಕಾರುಗಳಲ್ಲಿ ಗಣಕವು ಗಿಯರು ಬದಲಾಗುವ ಕ್ಷಣದಲ್ಲಿ ಎಂಜಿನಿನ ಬಲವನ್ನು ತುಸು ಇಳಿಸುತ್ತದೆ. ಅದರಿಂದ ಕ್ಲಚ್ಚು ಬೇಗನೆ, ಬಿಸಿಯಾಗದೆ ಹಿಡಿಯುತ್ತದೆ. ಗುದ್ದಿನ ಆಸೆಗಾಗಿ ಈ ಇಳಿಕೆಯನ್ನು ತೆಗೆಸುವವನು ಕ್ಲಚ್ಚಿನ ಆಯುಸ್ಸನ್ನೇ ತೆಗೆಸಿದಂತೆ. ಇನ್ನು 2013ರಲ್ಲಿ ಭಾರತಕ್ಕೆ ಬಂದ ಪೋಲೋ ಜಿ.ಟಿ. ಟಿ.ಎಸ್.ಐ. ಕಾರಿನ ಏಳು ಗಿಯರಿನ ಡಿ.ಎಸ್.ಜಿ. ಬೇರೆಯೇ ಜಾತಿ, ಅದರಲ್ಲಿರುವುದು ಎರಡು ಒಣ ಕ್ಲಚ್ಚುಗಳು. ಗ್ರಹಗಾಲಿಯ ಗಿಯರಿಗೆಂದು ಮಾಡಿದ ಕಿಟ್ ಅದಕ್ಕೆ ಸಲ್ಲದು. ಅದರ ಎಂಜಿನಿನ ತಿರುಚುಬಲ 175 ನ್ಯೂಟನ್ ಮೀಟರ್, ಗಿಯರು ತಾಳುವುದು 250. ಬಲವನ್ನು ಏರಿಸಬಯಸುವವರು ಎರಡನೆಯ ಅಂಕಿಯನ್ನು ಮೊದಲು ನೋಡಬೇಕು.

ಯಾವ ಮಾರ್ಪಾಟಿಗೂ ಮುನ್ನ ಎಣ್ಣೆಯನ್ನು ಪರೀಕ್ಷಿಸುವುದು ವಿವೇಕ. ಸಾಮಾನ್ಯವಾಗಿ ಕೆಂಪಾಗಿರುವ ಎಣ್ಣೆ ಕಂದಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಗಿಯರು ಜಾರುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಕ್ಲಚ್ಚು ಆಗಲೇ ಸವೆದಿರುತ್ತದೆ, ಒತ್ತಡ ಏರಿಸುವುದರಿಂದ ಅದು ಮರಳಿ ಬಾರದು. ಎಂಜಿನನ್ನು ಹಿಡಿದಿರುವ ರಬ್ಬರು ಹರಿದಿದ್ದರೂ ಗಿಯರು ಬದಲಾದಾಗ ಧಡ್ಡೆನ್ನುವುದುಂಟು. ಅದನ್ನು ಬಿಗಿಹಿಡಿತವೆಂದು ಭ್ರಮಿಸಬಾರದು. ಹೆಚ್ಚಿನ ಕಾರುಗಳಲ್ಲಿ ‘ಸ್ಪೋರ್ಟ್’ ಎಂಬ ಗುಂಡಿಯೊಂದಿರುತ್ತದೆ; ಖರ್ಚಿಲ್ಲದ ಆ ಉಪಾಯವನ್ನು ಬಿಟ್ಟು ತಂತ್ರಾಂಶ ತಿದ್ದಿಸಲು ಓಡುವವರೂ ಉಂಟು.

ಹಲಸೂರು ಕೆರೆಯ ಬಳಿಯಿಂದ ಹಳೆಯ ಮದರಾಸು ರಸ್ತೆಯಲ್ಲಿ ಹೊರಟ ಕಾರು ಟಿನ್ ಫ್ಯಾಕ್ಟರಿಯನ್ನು ದಾಟಿ ಕೃಷ್ಣರಾಜಪುರದ ತೂಗುಸೇತುವೆಯನ್ನು ಮುಟ್ಟುವಷ್ಟರಲ್ಲಿ ಎಷ್ಟು ಸಲ ನಿಂತು ಹೊರಡುತ್ತದೆಂಬುದು ಆ ಭಾಗದವರಿಗೆ ಗೊತ್ತು. ಗಿಯರಿನ ನಿಜವಾದ ಪರೀಕ್ಷೆ ಆ ಸಂಜೆಯ ದಟ್ಟಣೆಯಲ್ಲಿ. ಅಲ್ಲಿ ಗಾಳಿ ಸಾಲದೆ ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ತೆಳುವಾಗುತ್ತದೆ. ತೆಳುವಾದುದು ಸೋರಿಕೆಯ ಸಂದುಗಳಲ್ಲಿ ನುಸುಳಿ ಒತ್ತಡ ಕುಗ್ಗಿಸುತ್ತದೆ. ಆದಕಾರಣ ಎಂಜಿನಿನ ಬಲವನ್ನು ಹೆಚ್ಚಿಸುವವರು ಎಣ್ಣೆ ತಣಿಸುವ ಕೂಲರನ್ನು ಮೊದಲು ದೊಡ್ಡದು ಮಾಡಿಸುವುದು ಲೇಸು. ವಾಲ್ವ್ ಬಾಡಿಗೆ ಕೈಹಾಕುವುದು ಅನಂತರ.